ನಾದಕ್ಕೆ ಬೇಕಾದುದು

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದ ಸವಳಂಗವು ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಹಾದಿಯ ಮೇಲಿರುವ ಊರು. ಹಗಲೆಲ್ಲ ಬಸ್ಸು, ಲಾರಿಗಳ ಸದ್ದು. ಸಂಜೆಯಾದರೆ ಎಲ್ಲಿಂದಲೋ ತೇಲಿಬರುವ ಭಜನೆಯ ತಾಳ. ಇಂಥ ಊರಿನ ತರುಣನೊಬ್ಬನಿಗೆ ಗಿಟಾರ್ ಕಲಿಯಬೇಕೆಂಬ ಹಂಬಲ ಹುಟ್ಟಿತು. ಅದರಲ್ಲಿ ಅಚ್ಚರಿಪಡುವಂಥದು ಏನೂ ಇಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಗಿಟಾರ್ ಹಿಡಿದು, ಶಿಶುನಾಳ ಶರೀಫರ ತತ್ತ್ವಪದಗಳನ್ನು ದೇಶವಿದೇಶಗಳ ವೇದಿಕೆಗಳಲ್ಲಿ ಹಾಡಿದ ಮೇಲೆ, ಆ ವಾದ್ಯವು ಕನ್ನಡದ ಹಾಡಿಗೆ ಹೊರಗಿನದೆಂದು ಹೇಳುವವರು ವಿರಳ.

ತರುಣನ ತಂದೆ ರೈತರು. ಮೆಕ್ಕೆಜೋಳ ಮಾರಿ ಬಂದ ಹಣದಲ್ಲಿ, ಮುಂದಿನ ಬಿತ್ತನೆಗೆ ಬೇಕಾದುದನ್ನು ಎತ್ತಿಟ್ಟು, ಮಗನ ಆಸೆಗೆಂದು 15,000 ರೂಪಾಯಿ ಉಳಿಸಿದ್ದರು. ಮಗ ಬೇಕಾದ ವಸ್ತುಗಳ ಚೀಟಿಯೊಂದನ್ನು ಬರೆದು ತಂದ. ಎಲೆಕ್ಟ್ರಿಕ್ ಗಿಟಾರ್, ಆಂಪ್ಲಿಫೈಯರ್, ನಾದದ ಬಣ್ಣವನ್ನು ಬದಲಿಸುವ ಎರಡು ಪೆಡಲ್‌ಗಳು, ಮೈಕ್, ಅದನ್ನು ನಿಲ್ಲಿಸಲು ಸ್ಟ್ಯಾಂಡ್, ಧ್ವನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಆಡಿಯೊ ಇಂಟರ್‌ಫೇಸ್, ಹೆಡ್‌ಫೋನ್ – ಹೀಗೆ ಎಂಟು ವಸ್ತುಗಳು.

ತಂದೆ ಚೀಟಿಯನ್ನು ಎರಡು ಸಲ ಓದಿ ಕೇಳಿದರು: “ಇದರಲ್ಲಿ ನುಡಿಸೋದು ಯಾವುದಪ್ಪಾ?”

“ಮೊದಲನೇದು, ಅಪ್ಪಾ.”

“ಹಂಗಾದರೆ ಉಳಿದ ಏಳು?”

ಮಗನ ಬಳಿ ಸಿದ್ಧವಾದ ಉತ್ತರವಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ, ಭಜನೆಗೆ ಹಾರ್ಮೋನಿಯಂ ನುಡಿಸುವ ಹಿರಿಯರು ಚೀಟಿಯನ್ನು ತೆಗೆದುಕೊಂಡು ಮಡಿಚಿಟ್ಟರು. “ತಮ್ಮಾ, ಎಲ್ಲಿ ನುಡಿಸ್ತೀಯ, ಯಾರು ಕೇಳ್ತಾರೆ? ಮೊದಲು ಇವೆರಡನ್ನ ಬರಿ. ಅಂಗಡಿ ಚೀಟಿ ಆಮೇಲೆ ಬರಿಯೋಣ” ಎಂದರು.

ಹಿರಿಯರ ಈ ಪ್ರಶ್ನೆ ಹೊಸದಲ್ಲ. ಕನ್ನಡ ನಾಡಿನ ಶ್ರೇಷ್ಠ ವಾದಕರೊಬ್ಬರು ತಮ್ಮ ವಾದ್ಯವನ್ನೇ ಈ ಪ್ರಶ್ನೆಗೆ ಉತ್ತರವಾಗಿ ಮಾರ್ಪಡಿಸಿದ್ದರು. ತಿರುಮಕೂಡಲಿನ ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು; ಪಿಟೀಲು ವಿದ್ವಾಂಸರು. ಅವರ ಆರಂಭದ ದಿನಗಳಲ್ಲಿ ಕಛೇರಿಗಳಿಗೆ ಮೈಕ್ ಇರಲಿಲ್ಲ. ನಾಲ್ಕು ತಂತಿಗಳ ಪಿಟೀಲಿನ ನಾದ ಮುಂದಿನ ಸಾಲುಗಳಿಗೆ ಇಂಪಾಗಿ ಕೇಳಿದರೂ ಹಿಂದೆ ಕುಳಿತವರಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ಕೇಳುಗರನ್ನು ದೂರಲಿಲ್ಲ; ಸಭೆಯನ್ನು ಹಳಿಯಲಿಲ್ಲ. ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರು. ಅದರ ನಾದ ತುಂಬು ನಾದವಾಗಿ ಕೊನೆಯ ಸಾಲನ್ನೂ ತಲಪಿತು. 1967ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಕಟ್ಟಿದ ಸಭಾಭವನ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ಆದರೆ ಇಂದಿನ ಪಿಟೀಲು ವಾದಕರಲ್ಲಿ ಬಹುಮಂದಿ ನುಡಿಸುವುದು ನಾಲ್ಕು ತಂತಿಗಳ ವಾದ್ಯವನ್ನೇ. ಅದಕ್ಕೆ ಕಾರಣವೂ ಸ್ಪಷ್ಟ: ಮೈಕ್ ಬಂದಿತು, ಏಳು ತಂತಿಗಳ ಅಗತ್ಯ ಕಡಿಮೆಯಾಯಿತು. ಅಗತ್ಯ ಬದಲಾದಂತೆ ಪರಿಕರವೂ ಬದಲಾಗುತ್ತದೆ.

ಗಿಟಾರಿನ ಕಥೆಯೂ ಇದಕ್ಕಿಂತ ದೂರದ್ದಲ್ಲ. ಅಮೆರಿಕದ ವಾದ್ಯವೃಂದಗಳಲ್ಲಿ ತುತ್ತೂರಿ, ನಗಾರಿಗಳ ನಡುವೆ ಗಿಟಾರಿನ ಮೃದು ದನಿ ಮುಳುಗಿಹೋಗುತ್ತಿತ್ತು. ಆ ಕೊರತೆಯನ್ನು ನೀಗಲು 1930ರ ದಶಕದ ಆರಂಭದಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾರುಕಟ್ಟೆಗೆ ಬಂದಿತು. ಅದರ ಒಡಲಲ್ಲಿರುವ ಅಯಸ್ಕಾಂತದ ಪಿಕಪ್, ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ಆದ್ದರಿಂದ ಆಂಪ್ಲಿಫೈಯರ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ಅರ್ಧ ವಾದ್ಯ. ಅಕೌಸ್ಟಿಕ್ ಗಿಟಾರ್ ಹಾಗಲ್ಲ. ಅದರ ಟೊಳ್ಳಾದ ಮರದ ಒಡಲೇ ತಂತಿಯ ದನಿಯನ್ನು ಹಿಗ್ಗಿಸುತ್ತದೆ. ವಿದ್ಯುತ್ತು ಹೋದ ರಾತ್ರಿಯೂ ಅದು ಹಾಡಿಗೆ ಜೊತೆಗೊಡುತ್ತದೆ. ನೈಲಾನ್ ತಂತಿಯಾದರೆ ಬೆರಳಿಗೆ ಮೃದು, ದನಿಯೂ ಮೃದು. ಉಕ್ಕಿನ ತಂತಿಯಾದರೆ ಬೆರಳು ಕೆಲವು ವಾರ ನೋಯುತ್ತದೆ, ದನಿ ಮಾತ್ರ ಗಡುಸಾಗಿ ಮೊಳಗುತ್ತದೆ.

ಇದು ಸಭೆಯ ಮಾತಾಯಿತು. ಧ್ವನಿಯನ್ನು ಹಿಡಿದಿಡುವ ಕೆಲಸದ ಬಗೆ ಬೇರೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡನ್ನು ಗ್ರಾಮಫೋನಿಗಾಗಿ ಮುದ್ರಿಸಿಕೊಂಡಾಗ ಮೈಕ್ ಬಳಕೆಯಲ್ಲಿರಲಿಲ್ಲ. ಕಹಳೆಯಂಥ ಕೊಳವೆಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷಗಳ ಹಾಡು ಮಾತ್ರ. ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಆಕೆ ಅಷ್ಟರೊಳಗೆ ಅಡಕಗೊಳಿಸಿ, ಕೊನೆಯಲ್ಲಿ ತನ್ನ ಹೆಸರನ್ನೂ ಹೇಳಿ ಮುಗಿಸುತ್ತಿದ್ದಳು. ಬಾಳಿನ ಕೊನೆಯ ದಿನಗಳಲ್ಲಿ ಮೈಸೂರಿನ ಅರಮನೆಯ ಆಶ್ರಯ ಪಡೆದ ಆಕೆ 1930ರಲ್ಲಿ ಅಲ್ಲಿಯೇ ನಿಧನಳಾದಳು. ಆಕೆ ಆ ಯಂತ್ರಕ್ಕಿಂತ ಉತ್ತಮವಾದುದು ಬರಲೆಂದು ಕಾಯುತ್ತ ಕುಳಿತಿದ್ದರೆ ಆ ಹಾಡುಗಳು ಇಂದು ಯಾರಿಗೂ ದಕ್ಕುತ್ತಿರಲಿಲ್ಲ.

ಇಂದು ಕಹಳೆಯ ಸ್ಥಾನವನ್ನು ಮೈಕ್ ತೆಗೆದುಕೊಂಡಿದೆ. ಮೈಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಡೈನಮಿಕ್ ಮೈಕ್ ಗಟ್ಟಿಮುಟ್ಟಾದುದು; ಹತ್ತಿರದ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ದೂರದ ಸದ್ದನ್ನು ಹೆಚ್ಚಾಗಿ ಲೆಕ್ಕಿಸುವುದಿಲ್ಲ. ಆದ್ದರಿಂದ ಅದು ವೇದಿಕೆಗೆ ಒಪ್ಪುತ್ತದೆ. ಕಂಡೆನ್ಸರ್ ಮೈಕ್ ಬಲು ಸೂಕ್ಷ್ಮ. ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ತನ್ನು ಬೇಡುತ್ತದೆ. ಬೆರಳು ತಂತಿಯ ಮೇಲೆ ಜಾರುವ ಸದ್ದನ್ನೂ ಹಿಡಿಯುತ್ತದೆ. ಅದರೊಡನೆ ಬೀದಿಯ ಲಾರಿಯನ್ನೂ, ತಗಡಿನ ಮಾಡಿನ ಮೇಲೆ ಬೀಳುವ ಮಳೆಯನ್ನೂ ಹಿಡಿಯುತ್ತದೆ! ಮೈಕ್ ಹಿಡಿದ ದನಿಯನ್ನು ಆಡಿಯೊ ಇಂಟರ್‌ಫೇಸ್ ಅಂಕಿಗಳಾಗಿ ಪರಿವರ್ತಿಸುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ದನಿ ಪೂರ್ಣವಾಗಿ ಸಿಕ್ಕುತ್ತದೆ, ಆದುದರಿಂದಲೇ ಸಿ.ಡಿ.ಗಳಲ್ಲಿ ಸೆಕೆಂಡಿಗೆ 44,100 ಸಲ ಅಳೆಯುವ ಕ್ರಮವಿದೆ.

ಆದರೆ ಮನೆಯಲ್ಲಿ ಮಾಡುವ ಧ್ವನಿಮುದ್ರಣಕ್ಕೆ ಹಣವಿಲ್ಲದೆ ದೊರೆಯುವ ಪರಿಕರವೂ ಒಂದುಂಟು. ಅದು ಕೋಣೆ. ಬರಿಗೋಡೆಯ ಕೋಣೆಯಲ್ಲಿ ದನಿ ಗೋಡೆಯಿಂದ ಗೋಡೆಗೆ ಬಡಿದು ಕಲಸಿಹೋಗುತ್ತದೆ. ಹಾಸಿಗೆ, ಕಂಬಳಿ, ಬಟ್ಟೆಬರೆಗಳಿರುವ ಕೋಣೆ ಆ ಮಾರ್ದನಿಯನ್ನು ಹೀರಿಕೊಳ್ಳುತ್ತದೆ. ಮೈಕನ್ನು ಗಿಟಾರಿನ ದುಂಡು ರಂಧ್ರದ ನೇರ ಎದುರಿಗೆ ಇಟ್ಟರೆ ದನಿ ಗುಮ್ಮೆನ್ನುತ್ತದೆ. ಕತ್ತು ಒಡಲನ್ನು ಸೇರುವೆಡೆಗೆ, ಹನ್ನೆರಡನೆಯ ಮೆಟ್ಟಿಲಿನತ್ತ ಮುಖಮಾಡಿ ಸುಮಾರು ಒಂದು ಅಡಿ ದೂರದಲ್ಲಿಟ್ಟರೆ ಸಮತೂಕದ ನಾದ ಸಿಕ್ಕುತ್ತದೆ. ಈ ತಿಳಿವಳಿಕೆಯಿಲ್ಲದವನ ಕೈಯಲ್ಲಿ ಬೆಲೆಬಾಳುವ ಮೈಕ್ ಇದ್ದರೂ ಫಲವಿಲ್ಲ.

ವೇದಿಕೆಯ ಕಷ್ಟಗಳು ಇನ್ನೊಂದು ಬಗೆಯವು. ಸವಳಂಗದ ಸೀಮೆಯಲ್ಲಿಯೇ, ಸಂತ ಸೇವಾಲಾಲರ ಕ್ಷೇತ್ರವಾದ ಸೂರಗೊಂಡನಕೊಪ್ಪದಲ್ಲಿ ಜಾತ್ರೆಗೆ ಸೇರುವಂಥ ಜನಸಾಗರದ ಮುಂದೆ ಬರಿಯ ಮರದ ಒಡಲಿನ ದನಿ ಏನು ಕೇಳೀತು? ಅಲ್ಲಿ ಮೈಕ್‌ಸೆಟ್ ಬೇಕೇ ಬೇಕು. ಧ್ವನಿವರ್ಧಕದ ದನಿ ಮತ್ತೆ ಮೈಕನ್ನೇ ಹೊಕ್ಕರೆ ಅದು ಸುತ್ತಿ ಸುತ್ತಿ ಬೆಳೆದು ಕಿವಿ ಸೀಳುವ ಕೂಗಾಗುತ್ತದೆ. ಮೈಕ್ ಎಂದೂ ಧ್ವನಿವರ್ಧಕದ ಎದುರಿಗಿರಬಾರದು. ಕುದುರೆಯ ಅಡಿಯಲ್ಲಿ ಹರಳಿನ ಪಿಕಪ್ ಅಳವಡಿಸಿದ ಅಕೌಸ್ಟಿಕ್ ಗಿಟಾರಾದರೆ ಈ ತೊಡಕು ಕಡಿಮೆ. ಕೇಬಲ್ಲನ್ನು ಮೈಕ್‌ಸೆಟ್ಟಿಗೆ ಜೋಡಿಸಿದರಾಯಿತು. ಇದೆಲ್ಲಕ್ಕಿಂತ ಮಿಗಿಲಾದುದು ಅರ್ಥಿಂಗ್. ವಾದಕನ ಕೈ ಲೋಹದ ತಂತಿಯ ಮೇಲೆ, ತುಟಿ ಲೋಹದ ಮೈಕ್‌ನ ಬಳಿ. ಅರ್ಥಿಂಗ್ ಕೆಟ್ಟಿದ್ದರೆ ವಿದ್ಯುತ್ತು ಅವನ ಮೈಯನ್ನೇ ದಾರಿ ಮಾಡಿಕೊಂಡೀತು. ಅಂಗಡಿಯ ಹೊಳಪಿನಲ್ಲಿ ಮನಸೋತವನು ಮರೆಯುವುದು ಇಂಥದನ್ನೇ.

ಇಷ್ಟನ್ನೂ ಕೇಳಿ ತಿಳಿದ ಮೇಲೆ ತರುಣ ಚೀಟಿಯನ್ನು ಮತ್ತೆ ಬರೆದ. ನುಡಿಸುವ ಸ್ಥಳ: ಮನೆ, ಎಂದಾದರೊಮ್ಮೆ ಊರಿನ ವೇದಿಕೆ. ಕೇಳುವವರು: ತಾನು, ಮನೆಯವರು, ಊರಿನವರು. ಎಂಟರಲ್ಲಿ ಉಳಿದವು ಎರಡೇ – ಪಿಕಪ್ ಇರುವ, ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರ್ ಮತ್ತು ಹೆಡ್‌ಫೋನ್. ಧ್ವನಿಮುದ್ರಣಕ್ಕೆ ಸದ್ಯ ಕೈಯಲ್ಲಿದ್ದ ಮೊಬೈಲೇ ಸಾಕೆಂದುಕೊಂಡ. ಉಳಿದ ಹಣವನ್ನು ತಂದೆಯ ಕೈಗಿತ್ತ. ಅವರು ಎಣಿಸದೆ ಪೆಟ್ಟಿಗೆಯಲ್ಲಿಟ್ಟು, “ಬೇಕಾದಾಗ ಕೇಳು” ಎಂದರು.

ಮೊದಲ ಬಾರಿ ತನ್ನ ನುಡಿಸಾಣಿಕೆಯನ್ನು ಕಂಬಳಿ ಹೊದಿಸಿದ ಕೋಣೆಯಲ್ಲಿ ಹಿಡಿದು, ಹೆಡ್‌ಫೋನಿನಲ್ಲಿ ಕೇಳಿದಾಗ ಅವನ ಮುಖ ಬಾಡಿತು. ತಾನು ಸೊಗಸಾಗಿ ನುಡಿಸುತ್ತಿದ್ದೇನೆಂದು ನಂಬಿದ್ದೆಡೆಯಲ್ಲೆಲ್ಲ ತಾಳ ಓಡುತ್ತಿತ್ತು. ಯಾವ ಪೆಡಲೂ ತಿದ್ದಲಾರದ ತಪ್ಪು ಅದು. ಅವನು ಅಂದಿನಿಂದ ದಿನವೂ ಹಿಡಿದ, ಕೇಳಿದ, ತಿದ್ದಿಕೊಂಡ.

ಹಲವು ತಿಂಗಳುಗಳ ಮೇಲೆ ಊರಿನ ಗಣೇಶೋತ್ಸವದ ವೇದಿಕೆಗೆ ಅವನನ್ನು ಕರೆದರು. ಗಿಟಾರಿನೊಡನೆ ಮೆಟ್ಟಿಲು ಹತ್ತಿದವನು ಮೊದಲು ಹಾಡಲಿಲ್ಲ, ಮೈಕ್‌ಸೆಟ್ಟಿನವನ ಬಳಿಗೆ ಹೋಗಿ, “ಅಣ್ಣಾ, ಅರ್ಥಿಂಗ್ ನೋಡಿದೀರಾ?” ಎಂದು ಕೇಳಿದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಾರ್ಮೋನಿಯಂ ಹಿರಿಯರು ಎದ್ದು, ಜನರನ್ನು ದಾಟಿಕೊಂಡು, ಕಟ್ಟಕಡೆಯ ಸಾಲಿಗೆ ಹೋಗಿ ಕುಳಿತರು. ಹಾಡು ಮುಗಿದಾಗ ಅಲ್ಲಿಂದಲೇ ಕೈಯೆತ್ತಿ ತೋರಿಸಿದರು: ಕೇಳಿಸಿತು.