ಗಸಗಸೆ ಪೊಟ್ಟಣ ಮನೆಯಲ್ಲೇ ಇರಲಿ

ಪಕ್ಕದ ಮನೆಯಲ್ಲಿ ದುಬೈಗೆ ಹೊರಡಲಿರುವ ಹುಡುಗನ ಪೆಟ್ಟಿಗೆ ಈಗಷ್ಟೇ ಕಟ್ಟುತ್ತಿದ್ದರು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾಂಬಾರು ಪುಡಿ. ನಡುವೆ ಒಂದು ಸಣ್ಣ ಪೊಟ್ಟಣ ಗಸಗಸೆ, ಪಾಯಸಕ್ಕೆಂದು. "ಅಕ್ಕ, ಅದೊಂದು ತೆಗೆದುಬಿಡಿ" ಅಂದೆ. ನಮಗೆ ಅದು ಅಡುಗೆ ಸಾಮಾನು. ಯುಎಇ, ಸೌದಿಯಲ್ಲಿ ಮಾದಕವಸ್ತುವಿನ ಲೆಕ್ಕ. ಅಷ್ಟಕ್ಕೇ ಜೈಲು ಆಗಬಹುದು.

ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ನಿಂತಿದ್ದ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು 2022ರ ಮಾರ್ಚ್ 27ಕ್ಕೆ ಮತ್ತೆ ಶುರುವಾದವು. ನಡುವೆ ಇದ್ದದ್ದು ವಂದೇ ಭಾರತ್, ಏರ್ ಬಬಲ್ ವಿಶೇಷ ವಿಮಾನಗಳು ಅಷ್ಟೇ. ಆವತ್ತಿನಿಂದ ಫೋನ್ ತುಂಬ ಮಾಲ್ಡೀವ್ಸ್, ಥಾಯ್ಲೆಂಡ್ ಪ್ರವಾಸದ ಸಲಹೆಗಳು. ಆದರೆ ನಮ್ಮ ನರಿಕೊಂಬು, ಪಾಣೆಮಂಗಳೂರು, ಮೇಲ್ಕಾರಿನಿಂದ ಬಜ್ಪೆ ನಿಲ್ದಾಣಕ್ಕೆ ಹೋಗಿ ವಿಮಾನ ಹತ್ತುವವರಲ್ಲಿ ದುಡಿಯಲಿಕ್ಕೆ ಹೊರಟವರು ಎಷ್ಟು ಜನ! ಅವರಿಗೂ ಯಾರಾದರೂ ನಾಲ್ಕು ಮಾತು ಹೇಳಬೇಕಲ್ಲವಾ?

ಪಾಸ್‌ಪೋರ್ಟಿನಲ್ಲಿ ಕನಿಷ್ಠ 6 ತಿಂಗಳ ಅವಧಿ ಉಳಿದಿರಲಿ. 2022ರಲ್ಲಿ ಕೋವಿನ್ ಲಸಿಕೆ ಸರ್ಟಿಫಿಕೇಟಿಗೂ ಪಾಸ್‌ಪೋರ್ಟ್ ನಂಬರ್ ಸೇರಿಸಿ, ಹೆಸರು ಅಕ್ಷರ ಅಕ್ಷರ ತಾಳೆ ನೋಡಬೇಕಿತ್ತು. ಆಧಾರಿನಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಕೌಂಟರಿನಲ್ಲೇ ತೊಡಕಾಗುತ್ತಿತ್ತು. ಬಿಪಿ, ಶುಗರ್ ಮಾತ್ರೆ ಒಯ್ಯುವವರು ಡಾಕ್ಟರ ಚೀಟಿ ಮರೆಯಬೇಡಿ. ಯಾರೋ ಕೊಟ್ಟ ಕಟ್ಟನ್ನು ಬಿಚ್ಚಿ ನೋಡದೆ ಚೀಲಕ್ಕೆ ಹಾಕಲೇಬೇಡಿ, ಎಷ್ಟೇ ಹತ್ತಿರದವರಾದರೂ.

ಕುವೈತ್, ಬಹರೈನ್, ಮಸ್ಕತ್‌ನಲ್ಲಿರುವ ನಮ್ಮೂರವರೇ, ಅಲ್ಲಿ ಕಸ್ಟಮ್ಸಿನವರು ಇನ್ನೇನೇನು ಹಿಡಿದು ನಿಲ್ಲಿಸುತ್ತಾರೆ? ಕೆಳಗೆ ಬರೆಯಿರಿ. ಈ ವಾರ ಹೊರಡುವ ಹುಡುಗರಿಗೆ ತೋರಿಸುತ್ತೇನೆ.