ರೋಬೋಟ್ ಕೈ ಮತ್ತು ಪೆಪ್ಪರಮೆಂಟು

ವಿಜ್ಞಾನಕ್ಕೂ ನನಗೂ ಹತ್ತನೆಯ ತರಗತಿಯಲ್ಲೇ ಸಂಬಂಧ ಕಡಿದುಹೋಗಿತ್ತು. ಆಮೇಲೆ ಓದಿದ್ದು ಬಿ.ಎ., ಬಿ.ಎಡ್.; ಪಾಠ ಹೇಳುವುದು ಕನ್ನಡ ಮತ್ತು ಸಮಾಜ. ಮನೆಯಲ್ಲಿ ಮಿಕ್ಸಿ ಕೆಟ್ಟರೆ ಮಗನನ್ನು ಕೂಗುವ ಹೆಂಗಸು ನಾನು. ಅಂಥವಳ ತಲೆಗೆ 2019ರ ಡಿಸೆಂಬರಿನಲ್ಲಿ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದ ಉಸ್ತುವಾರಿ ಬಂತು. ವಿಜ್ಞಾನದ ಮೇಡಂ ಹೆರಿಗೆ ರಜೆಯ ಮೇಲಿದ್ದರು. "ಮಕ್ಕಳ ಹತ್ತಿರ ಕೆಲಸ ತೆಗೆಯೋದು ನಿಮಗೇ ಚೆನ್ನಾಗಿ ಗೊತ್ತು" ಎಂದು ಹೆಡ್‌ಮಿಸ್ಸು ಹೊಗಳಿದರು. ಹೊಗಳಿಕೆಯ ಹಿಂದೆ ಯಾವಾಗಲೂ ಒಂದು ಹೆಚ್ಚಿನ ಕೆಲಸ ಇರುತ್ತದೆ ಎಂಬುದು ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಕಲಿತ ಪಾಠ.

ನನ್ನ ಮನೆ ಆರ್.ಟಿ. ನಗರದಲ್ಲಿ, ಶಾಲೆ ಯಶವಂತಪುರದ ಕಡೆ. ಬಸ್ಸು ಮೇಖ್ರಿ ಸರ್ಕಲ್ ದಾಟಿದ ಮೇಲೆ ಟಾಟಾ ಇನ್ಸ್‌ಟಿಟ್ಯೂಟಿನ ಗೋಡೆಯ ಪಕ್ಕದಲ್ಲೇ ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆ ಎಂಬ ದೊಡ್ಡ ಹೆಸರಿದ್ದರೂ ಹಳೆಯ ಬೆಂಗಳೂರಿನವರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್ಸ್‌ಟಿಟ್ಯೂಟೇ. 1909ರಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ಗೋಡೆಯ ಆಚೆ ವಿಜ್ಞಾನಿಗಳು ತಮ್ಮ ಕೆಲಸದಲ್ಲಿ ಮುಳುಗಿರುತ್ತಾರೆ. ಈಚೆ ನಾನು ಬಸ್ಸಿನ ಕಿಟಕಿಯ ಬಳಿ ಕೂತು, ರಾತ್ರಿಯ ಸಾರಿಗೆ ತೊಗರಿಬೇಳೆ ಇದೆಯೋ ಇಲ್ಲವೋ ಎಂದು ನೆನಪಿಸಿಕೊಳ್ಳುತ್ತಿರುತ್ತೇನೆ. ಆಚೆಯವರ ಕೆಲಸಕ್ಕೂ ಈಚೆಯ ನನ್ನ ತರಗತಿಗೂ ಏನಾದರೂ ನಂಟಿದ್ದೀತು ಎಂದು ಅನಿಸಿಯೇ ಇರಲಿಲ್ಲ.

ಶಾಲೆಯ ವಸ್ತುಪ್ರದರ್ಶನ ಎಂದರೆ ಹೇಗಿರುತ್ತದೆಂದು ನಿಮಗೂ ಗೊತ್ತು. ಅಡಿಗೆ ಸೋಡ, ವಿನಿಗರ್ ಹಾಕಿ ಉಕ್ಕಿಸುವ ಜ್ವಾಲಾಮುಖಿ ಒಂದು, ಮಳೆನೀರು ಕೊಯ್ಲಿನ ಥರ್ಮೋಕೋಲ್ ಮನೆ ಒಂದು, ಎಲ್ಲಕ್ಕಿಂತ ಹೆಚ್ಚು ಜನ ಸೇರುವ ರೋಬೋಟ್ ಕೈ ಒಂದು. ಎಂಟನೆಯ ತರಗತಿಯ ನಾಲ್ಕು ಹುಡುಗರು ಅದನ್ನು ಮಾಡಿದ್ದರು. ರಟ್ಟಿನ ತೋಳು, ಐಸ್‌ಕ್ರೀಂ ಕಡ್ಡಿಯ ಬೆರಳು. ಎರಡು ಸಿರಿಂಜಿನ ನಡುವೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಕೊಳವೆ. ಒಳಗೆ ಬಣ್ಣದ ನೀರು. ಈ ತುದಿಯ ಸಿರಿಂಜನ್ನು ಒತ್ತಿದರೆ ನೀರು ಹೋಗಿ ಆ ತುದಿಯದನ್ನು ತಳ್ಳುತ್ತದೆ, ರಟ್ಟಿನ ಕೈ ಮೇಲೇಳುತ್ತದೆ. "ಪಾಸ್ಕಲನ ನಿಯಮ ಮಿಸ್. ಮುಚ್ಚಿದ ನೀರಿನ ಮೇಲೆ ಎಲ್ಲಿ ಒತ್ತಿದರೂ ಆ ಒತ್ತಡ ಎಲ್ಲಾ ಕಡೆಗೂ ಒಂದೇ ಥರ ಹೋಗುತ್ತೆ" ಎಂದು ಹುಡುಗರು ನನಗೇ ಪಾಠ ಹೇಳಿದರು. ಜೆ.ಸಿ.ಬಿ. ಮಣ್ಣೆತ್ತುವುದೂ ಇದೇ ಉಪಾಯದಿಂದಲೇ ಅಂತೆ. ಮೇಲೊಂದು ಫಲಕ: "ಅಂಗವಿಕಲರ ನೆರವಿಗೆ ರೋಬೋಟ್ ಕೈ". ಅಕ್ಷರ ಚೆನ್ನಾಗಿತ್ತು, ಕಾಗುಣಿತ ಸರಿಯಾಗಿತ್ತು. ಕನ್ನಡ ಟೀಚರಾಗಿ ನಾನು ನೋಡಿದ್ದು ಅಷ್ಟೇ.

"ಮಿಸ್, ಇದು ಯಾರಿಗೆ ಮಾಡಿರೋದು?"

ತಿರುಗಿ ನೋಡಿದೆ. ಬಾಗಿಲ ಬಳಿ, ತನ್ನ ಎಂದಿನ ಜಾಗದಲ್ಲಿ, ಗಾಲಿಕುರ್ಚಿಯಲ್ಲಿ ಅವಳು ಕೂತಿದ್ದಳು. ಅವಳ ಹೆಸರು ಇಲ್ಲಿ ಬೇಡ, ಪುಟ್ಟಿ ಎಂದಿರಲಿ. ಅವಳಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟುವ ಹೊತ್ತಿಗೋ ಅದರ ಆಚೀಚೆಗೋ ಮೆದುಳಿಗೆ ಆಗುವ ಪೆಟ್ಟಿನಿಂದ ಕೈಕಾಲಿನ ಸ್ನಾಯುಗಳು ಹೇಳಿದ ಮಾತು ಕೇಳುವುದಿಲ್ಲ. ಬೆರಳು ಮಡಿಸಿಕೊಂಡೇ ಇರುತ್ತವೆ, ಮಾತು ನಿಧಾನ. ಬುದ್ಧಿಗೂ ಮಂಕು ಕವಿದಿರುತ್ತದೆಂದು ನೋಡಿದವರು ತಾವೇ ತೀರ್ಮಾನ ಮಾಡಿಬಿಡುತ್ತಾರೆ. ಪುಟ್ಟಿಗೆ ಸಮಾಜದಲ್ಲಿ ತೊಂಬತ್ತರ ಮೇಲೆ ಅಂಕ ಕೊಟ್ಟವಳು ನಾನೇ.

ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ಮೆಲ್ಲಗೆ, "ನಿನ್ನಂಥೋರಿಗೇ ಕಣೇ" ಎಂದ. "ಹಾಗಾದ್ರೆ ತಾ, ನೋಡೋಣ" ಎಂದಳು. ತಂದು ಮುಂದಿಟ್ಟರು. ಸಿರಿಂಜನ್ನು ಎರಡು ಬೆರಳಲ್ಲಿ ಹಿಡಿದು ಹೆಬ್ಬೆರಳಿಂದ ಒತ್ತಬೇಕು. ಅವಳಿಗೆ ಹಿಡಿಯಲೇ ಆಗಲಿಲ್ಲ. ಮೇಜಿನ ಅಡ್ಡಪಟ್ಟಿಗೆ ಗಾಲಿಕುರ್ಚಿ ತಗುಲಿ ಹತ್ತಿರ ಹೋಗಲೂ ಬರಲಿಲ್ಲ. ನೆರವಿಗೆಂದು ಮಾಡಿದ ಕೈಯನ್ನು ಆಡಿಸಬೇಕಾದರೆ ಗಟ್ಟಿಮುಟ್ಟಾದ ಕೈ ಬೇಕಿತ್ತು. ಮೂರು ವಾರ ಒಂದೇ ಕೋಣೆಯಲ್ಲಿ ಅವಳ ಎದುರೇ ಕೂತು ಅಂಟಿಸಿದ ಹುಡುಗರಿಗಾಗಲೀ, ನೋಡುತ್ತ ನಿಂತ ನನಗಾಗಲೀ ಅವಳನ್ನು ಒಂದು ಮಾತು ಕೇಳೋಣವೆಂದು ಹೊಳೆದಿರಲಿಲ್ಲ.

ಹುಡುಗರನ್ನು ಬೈಯಬೇಕೆಂದು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಮೂರು ವರ್ಷದ ಹಿಂದಿನ ಒಂದು ಬೆಳಗು ಕಣ್ಣ ಮುಂದೆ ಬಂದಿತ್ತು.

2016ರ ಡಿಸೆಂಬರ್. ಐದನೆಯ ತರಗತಿಯ ಮಕ್ಕಳನ್ನು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗುವುದಿತ್ತು. ಪುಟ್ಟಿಯ ತಾಯಿ ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿ, ಡಬ್ಬಿಯಲ್ಲಿ ಚಿತ್ರಾನ್ನ ಹಾಕಿ ಮಗಳನ್ನು ಎಲ್ಲರಿಗಿಂತ ಮೊದಲೇ ತಂದು ಗೇಟಿನಲ್ಲಿ ನಿಲ್ಲಿಸಿಕೊಂಡಿದ್ದರು. ನಾನು ಅವರನ್ನು ಪಕ್ಕಕ್ಕೆ ಕರೆದೆ. ಬಸ್ಸಿನ ಮೆಟ್ಟಿಲು ಎತ್ತರ, ಅಲ್ಲಿ ಜನಜಂಗುಳಿ, ಮಗುವಿಗೇ ತೊಂದರೆ, ಇಷ್ಟು ಮಕ್ಕಳ ನಡುವೆ ನಾವು ಇಬ್ಬರೇ ಟೀಚರ್ಸು ಎಂದೆಲ್ಲ ಹೇಳಿದೆ. "ಹೋಗ್ಲಿ ಬಿಡಿ ಮೇಡಂ, ನೀವು ಹೇಳೋದೂ ಸರೀನೇ" ಎಂದರು ಆಕೆ. ಪುಟ್ಟಿ ಏನೂ ಅನ್ನಲಿಲ್ಲ. ಅವಳನ್ನು ನಾನು ಕೇಳಿಯೂ ಇರಲಿಲ್ಲ. ಬರುವಾಗ ಅವಳಿಗೆಂದು ಒಂದು ಪೆನ್ಸಿಲ್ ತಂದುಕೊಟ್ಟೆ; "ಥ್ಯಾಂಕ್ಯೂ ಮಿಸ್" ಎಂದು ಇಸಿದುಕೊಂಡಳು. ಪೆನ್ಸಿಲ್ ಹಿಡಿಯಲಾರದ ಮಗುವಿಗೆ ಪೆನ್ಸಿಲ್! ಅದೂ ನನಗೆ ಹೊಳೆದದ್ದು ಆ ರಾತ್ರಿ ಮಲಗಿದ ಮೇಲೆ.

ಅದೇ ಡಿಸೆಂಬರಿನಲ್ಲಿ ದೆಹಲಿಯ ಪಾರ್ಲಿಮೆಂಟು ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತ್ತು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ನ್ಯೂನತೆಗಳಿದ್ದರೆ ಹೊಸದರಲ್ಲಿ 21. ಅದನ್ನು ಸಮಾಜದ ಪಾಠದಲ್ಲಿ ಬೋರ್ಡಿನ ಮೇಲೆ ಬರೆದು ವಿವರಿಸಿದವಳೂ ನಾನೇ. ಅಂಗವಿಕಲ ಎನ್ನಬಾರದು, ವಿಕಲಚೇತನ ಎನ್ನಬೇಕು ಎಂದು ತಿದ್ದಿದ್ದೂ ಉಂಟು. ಮಾತನ್ನು ತಿದ್ದುವುದು ನನಗೆ ಸುಲಭವಾಗಿತ್ತು.

ಪ್ರದರ್ಶನಕ್ಕೆ ಇನ್ನು ನಾಲ್ಕು ದಿನವಿತ್ತು. "ಇವಳನ್ನೇ ಕೇಳಿ ಮಾಡ್ರೋ" ಎಂದಷ್ಟೇ ಹೇಳಿದೆ.

"ನನ್ನ ಮೊಣಕೈಲಿ ಬಲ ಇದೆ, ಬೆರಳಲ್ಲಿ ಇಲ್ಲ. ಆದ್ರೆ ಜಾಸ್ತಿ ದೂರ ಅಲ್ಲಾಡಿಸೋಕಾಗಲ್ಲ" ಎಂದಳು ಪುಟ್ಟಿ. ಹುಡುಗರು ತಲೆ ಕೆರೆದುಕೊಂಡರು. ಆಮೇಲೆ ಒಬ್ಬನಿಗೆ ಹೊಳೆಯಿತು. ಈಚೆ ದಪ್ಪ ಸಿರಿಂಜು, ಆಚೆ ಸಣ್ಣದು ಇಟ್ಟರೆ ಈಚೆ ಸ್ವಲ್ಪವೇ ಒತ್ತಿದರೂ ಆಚೆಯದು ಬಹಳ ದೂರ ಸರಿಯುತ್ತದೆ. ಒತ್ತಲು ಬಲ ಹೆಚ್ಚು ಬೇಕು, ಅದು ಅವಳಲ್ಲಿ ಇತ್ತು. ಗಾಲಿಕುರ್ಚಿಯ ಎರಡು ತೋಳುಗಳ ಮೇಲೆ ಅಡ್ಡ ಹಲಗೆ ಹಾಕಿ, ಹಲಗೆಯ ಮೇಲೆ ಎರಡು ಸಿರಿಂಜು ಬಿಗಿದರು. ಬಲ ಮೊಣಕೈಗೆ ಎತ್ತುವುದು, ಎಡ ಮೊಣಕೈಗೆ ಹಿಡಿಯುವುದು. ಒತ್ತಿದರೆ ನೋಯದಿರಲೆಂದು ಹಳೆಯ ಹವಾಯಿ ಚಪ್ಪಲಿಯನ್ನು ಕತ್ತರಿಸಿ ತುದಿಗೆ ಅಂಟಿಸಿದರು. ಕೈ ಬಿಟ್ಟಾಗ ವಾಪಸು ಬರಲು ರಬ್ಬರ್ ಬ್ಯಾಂಡು.

ಇನ್ನೊಂದು ತೊಡಕಿತ್ತು. ಅವಳ ತೋಳು ಒಮ್ಮೊಮ್ಮೆ ತಾನಾಗಿ ಜಗ್ಗುತ್ತಿತ್ತು. ಜಗ್ಗಿದರೆ ಸಾಕು, ರೋಬೋಟ್ ಕೈ ಹಿಡಿದದ್ದನ್ನು ಅತ್ತ ಎಸೆದುಬಿಡುತ್ತಿತ್ತು. ಎಲ್ಲರೂ ಸೋತು ಕೂತಾಗ ಪುಟ್ಟಿಯೇ ಕೇಳಿದಳು: "ಡ್ರಿಪ್ ಪೈಪಲ್ಲಿ ಒಂದು ಚಕ್ರ ಇರುತ್ತಲ್ಲ, ನರ್ಸ್ ಆಂಟಿ ಅದನ್ನ ಉರುಳಿಸಿ ನಿಧಾನ ಮಾಡ್ತಾರಲ್ಲ, ಅದೆಲ್ಲಿ?" ಬೇಡವೆಂದು ಹುಡುಗರು ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದ್ದರು. ಹುಡುಕಿ ತಂದು ಕೂರಿಸಿ ಸ್ವಲ್ಪ ಬಿಗಿ ಮಾಡಿದರೆ, ನೀರು ಮೆಲ್ಲಗೆ ಹರಿಯಿತು. ತೋಳು ಜಗ್ಗಿದರೂ ರಟ್ಟಿನ ಕೈ ಗಾಬರಿಯಾಗಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಎಷ್ಟು ದಿನ ಮಲಗಿ ಆ ಚಕ್ರವನ್ನು ನೋಡಿದ್ದಳೋ ಮಗು. ಆ ವಿದ್ಯೆ ನಮ್ಮ ಯಾರ ಹತ್ತಿರವೂ ಇರಲಿಲ್ಲ.

ಪ್ರದರ್ಶನದ ದಿನ ಪುಟ್ಟಿಯ ಮುಂದೆ ಒಂದು ತಟ್ಟೆ ತುಂಬ ಪೆಪ್ಪರಮೆಂಟು. ಬಂದವರು ಅಂಗೈ ಒಡ್ಡಬೇಕು. ರಟ್ಟಿನ ಕೈ ಒಂದನ್ನು ಹಿಡಿದು, ಎತ್ತಿ, ಅವರ ಕೈಗೆ ಹಾಕುತ್ತಿತ್ತು. ಹಲವು ಸಲ ಜಾರಿ ಬೀಳುತ್ತಿತ್ತು, ಆಗ ನಗು. ತಂದೆತಾಯಂದಿರು ಸಾಲು ನಿಂತರು. ಅವಳ ತಾಯಿಯೂ ಸಾಲಿನಲ್ಲಿ ನಿಂತು ಬಂದು ಕೈ ಒಡ್ಡಿದರು. ಅವರು ಪೆಪ್ಪರಮೆಂಟನ್ನು ತಿನ್ನಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಹದಿಮೂರು ವರ್ಷ ಎಲ್ಲರಿಂದಲೂ ತೆಗೆದುಕೊಳ್ಳುತ್ತಲೇ ಬಂದ ಹುಡುಗಿ ಅವತ್ತು ಕೊಡುವವಳಾಗಿದ್ದಳು.

ಮರುತಿಂಗಳು, 2020ರ ಜನವರಿಯಲ್ಲಿ, ನಾನು, ಪುಟ್ಟಿ, ಅವಳ ತಾಯಿ ಮೂವರೂ ಮ್ಯೂಸಿಯಂಗೆ ಹೋದೆವು. ಈ ಸಲ ಮೊದಲು ಕೇಳಿದ್ದು ಅವಳನ್ನೇ. "ಮೆಟ್ರೋದಲ್ಲಿ ಹೋಗೋಣ ಮಿಸ್, ಲಿಫ್ಟ್ ಇದೆ" ಎಂದಳು. ಯಶವಂತಪುರದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಕಬ್ಬನ್ ಪಾರ್ಕಿನಲ್ಲಿ ಇಳಿದೆವು. ಸ್ಟೇಷನ್ನಿನ ನೆಲದಲ್ಲಿ ಉಬ್ಬು ಗೆರೆ, ಉಬ್ಬು ಚುಕ್ಕಿಯ ಹಳದಿ ಟೈಲ್ಸ್ ಇರುತ್ತದಲ್ಲ, ಚಂದಕ್ಕೆ ಹಾಕಿದ್ದೆಂದೇ ನಾನು ತಿಳಿದಿದ್ದೆ. ಅದು ಕಣ್ಣು ಕಾಣದವರಿಗೆ ದಾರಿ. ಸೆಯಿಚಿ ಮಿಯಾಕೆ ಎಂಬ ಜಪಾನೀಯರು ಅದನ್ನು 1965ರಲ್ಲಿ ರೂಪಿಸಿದರು; 1967ರಲ್ಲಿ ಒಕಯಾಮ ಊರಿನ ಅಂಧರ ಶಾಲೆಯ ಬಳಿ ಮೊದಲು ಹಾಕಿದರು. ಅಲ್ಲಿಂದ ನಮ್ಮ ಯಶವಂತಪುರಕ್ಕೂ ಬಂದಿದೆ.

ರೈಲಿನಲ್ಲಿ ನಾನು ಹೇಳಬೇಕಾದ್ದನ್ನು ಹೇಳಿದೆ. "ಪುಟ್ಟಿ, ಅವತ್ತು ನಿನ್ನ ಬಿಟ್ಟು ಹೋದದ್ದು ನನ್ನ ತಪ್ಪು." ಅವಳು ಕಿಟಕಿಯ ಹೊರಗೆ ನೋಡುತ್ತ, ತನ್ನ ನಿಧಾನದ ಮಾತಿನಲ್ಲಿ ಹೇಳಿದಳು: "ನನ್ನ ಕೇಳಿದ್ರೆ ಏನು ಹೇಳ್ತಿದ್ದೆ ಗೊತ್ತಾ ಮಿಸ್? ಒಳಗೆ ಬರದಿದ್ರೂ ಪರವಾಗಿಲ್ಲ, ಬಸ್ಸಲ್ಲಿ ಎಲ್ಲರ ಜೊತೆ ಕೂತ್ಕೊಂಡು ಬರ್ತೀನಿ, ಸಾಕು ಅಂತ." ಪರವಾಗಿಲ್ಲ ಮಿಸ್ ಎಂದು ಅವಳು ಹೇಳಲಿಲ್ಲ. ಹೇಳದೇ ಇದ್ದದ್ದೇ ಸರಿ.

1962ರಲ್ಲಿ ನೆಹರೂ ಉದ್ಘಾಟಿಸಿದ ಆ ಮ್ಯೂಸಿಯಂನಲ್ಲಿ ಎಷ್ಟು ತಲೆಮಾರಿನ ಮಕ್ಕಳು ಗುಂಡಿ ಒತ್ತಿ ಕುಣಿದಿದ್ದಾರೋ! ಬಾಗಿಲಲ್ಲೇ ಕತ್ತು ತಿರುಗಿಸಿ ಗರ್ಜಿಸುವ ಯಂತ್ರದ ಡೈನೋಸಾರ್ ಮುಂದೆ ಅವಳು ಬಹಳ ಹೊತ್ತು ನಿಂತಳು. "ಇದರ ಕತ್ತು ಯಾವುದರಿಂದ ತಿರುಗುತ್ತೆ ಮಿಸ್?" ನನಗೆ ಗೊತ್ತಿರಲಿಲ್ಲ. ಮುಂದೆ ಪ್ರತಿ ಗುಂಡಿಯ ಹತ್ತಿರವೂ ನಿಂತು, ಇದನ್ನು ಮೊಣಕೈಯಲ್ಲಿ ಒತ್ತಬಹುದು, ಇದನ್ನು ಅಂಗೈ ಅಂಚಿನಲ್ಲಿ ಒತ್ತಬಹುದು ಎಂದು ಲೆಕ್ಕ ಹಾಕುತ್ತ ಹೋದಳು. ಮಕ್ಕಳು ಆಟ ನೋಡುವ ಜಾಗದಲ್ಲಿ ಅವಳು ಕೆಲಸ ನೋಡುತ್ತಿದ್ದಳು.

ಆಮೇಲಿಂದ ನಾನೂ ಇಂಥ ಸುದ್ದಿ ಕಂಡರೆ ಓದತೊಡಗಿದೆ. ಆಗ ತಿಳಿಯಿತು, ನಾನು ದಿನಾ ಹಾದುಹೋಗುವ ಗೋಡೆಯ ಆಚೆಯೇ ಪ್ರದೀಪ್ತ ಬಿಸ್ವಾಸ್ ಎಂಬ ವಿಜ್ಞಾನಿ ಮತ್ತು ಅವರ ತಂಡ, ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯ ಜೊತೆ ಸೇರಿ, ಕೈಯನ್ನೂ ಮಾತನ್ನೂ ಬಳಸಲಾಗದ ಸೆರೆಬ್ರಲ್ ಪಾಲ್ಸಿಯವರಿಗಾಗಿ ಕಣ್ಣೋಟದಿಂದ ನಡೆಯುವ ರೋಬೋಟ್ ತೋಳು ಮಾಡಿದ್ದಾರೆ ಎಂದು. ಕಂಪ್ಯೂಟರಿನ ಕ್ಯಾಮೆರಾ ಕಣ್ಣನ್ನು ನೋಡುತ್ತದೆ, ಕಣ್ಣು ಪರದೆಯ ಮೇಲೆ ನೋಡಿದ ಕಡೆಗೆ ತೋಳು ಸರಿಯುತ್ತದೆ. 2020ರಲ್ಲಿ ಅವರ ಪ್ರಬಂಧ ಹೊರಬಂತು. ನಮ್ಮ ಎಂಟನೆಯ ತರಗತಿಯವರು ಸಿರಿಂಜಿಗೆ ಚಪ್ಪಲಿ ಅಂಟಿಸಿದ ಕಾಲವೂ ಅದೇ! ಸ್ಟೀಫನ್ ಹಾಕಿಂಗ್ ಕೊನೆಗಾಲದಲ್ಲಿ ಕೆನ್ನೆಯ ಒಂದು ಸ್ನಾಯು ಮಿಸುಕಿಸಿ ಪುಸ್ತಕ ಬರೆದರು, ಭಾಷಣ ಮಾಡಿದರು. ಟೋಕಿಯೋದಲ್ಲಿ 2021ರಿಂದ ಒಂದು ಕಾಫಿ ಅಂಗಡಿ ಇದೆ. ಅಲ್ಲಿ ಗಿರಾಕಿಗಳನ್ನು ಉಪಚರಿಸುವ ರೋಬೋಟುಗಳಿಗೆ ಸ್ವಂತ ಬುದ್ಧಿ ಇಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರು ಅಲ್ಲಿಂದಲೇ ಅವನ್ನು ನಡೆಸುತ್ತಾರೆ, ಕೆಲವರು ಬರೀ ಕಣ್ಣಿನಿಂದ. ಗಿರಾಕಿಯ ಜೊತೆ ಹರಟುತ್ತಾರೆ, ಸಂಬಳ ಪಡೆಯುತ್ತಾರೆ. ಓದಿದಾಗ ನನಗೆ ಪುಟ್ಟಿಯ ಪೆಪ್ಪರಮೆಂಟು ನೆನಪಾಯಿತು.

ದೊಡ್ಡ ಯಂತ್ರವಾಗಲಿ, ರಟ್ಟಿನದಾಗಲಿ, ಅದನ್ನು ಆಡಿಸಬೇಕಾದವರ ಹತ್ತಿರ ಕೂತು, ನಿಮ್ಮಲ್ಲಿ ಯಾವುದು ಆಡುತ್ತದೆ, ನಿಮಗೇನು ಬೇಕು ಎಂದು ಕೇಳಿಯೇ ಶುರುಮಾಡಬೇಕು. ನಾವು ಹೆಂಗಸರಿಗೆ ಇದು ತಿಳಿಯದ ಮಾತಲ್ಲ. ನಮ್ಮನ್ನು ಕೇಳದೆ ಕಟ್ಟಿಸಿದ ಅಡಿಗೆಮನೆಯ ಎತ್ತರದ ಶೆಲ್ಫಿಗೆ ಕೈ ಎಟುಕದೆ ಸ್ಟೂಲು ಹತ್ತಿದವರು ನಾವು. ಆದರೂ ನಾನು ಮರೆತಿದ್ದೆ.

ಪುಟ್ಟಿ ಈಗ ಡಿಗ್ರಿ ಓದುತ್ತಿದ್ದಾಳೆ. 2024ರ ಜನವರಿಯಲ್ಲಿ ನಮ್ಮ ಮನೆಗೆ ಹತ್ತಿರದಲ್ಲೇ, ಬಳ್ಳಾರಿ ರಸ್ತೆಯಲ್ಲಿ, ಸೈನ್ಸ್ ಗ್ಯಾಲರಿ ಬಾಗಿಲು ತೆರೆದ ಮೇಲೆ ಅವಳೇ ಫೋನ್ ಮಾಡಿದಳು: "ಮಿಸ್, ಹೋಗೋಣ್ವಾ? ನಿಮಗೆ ಮಂಡಿ ನೋವಲ್ವಾ, ಲಿಫ್ಟ್ ಇದೆಯಾ ಅಂತ ವಿಚಾರಿಸಿ ಹೇಳ್ತೀನಿ." ಈಗ ಕೇಳುವವಳು ಅವಳಾಗಿದ್ದಾಳೆ.

ಪ್ರತಿ ವರ್ಷ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಯಾವುದಾದರೊಂದು ಮೇಜಿನ ಮೇಲೆ "ವಿಕಲಚೇತನರ ನೆರವಿಗೆ" ಎಂಬ ಫಲಕ ಬಂದೇ ಬರುತ್ತದೆ. ನಾನು ಕಾಗುಣಿತ ನೋಡುವುದಿಲ್ಲ. "ಯಾರನ್ನು ಕೇಳಿ ಮಾಡಿದಿರಿ?" ಎನ್ನುತ್ತೇನೆ. ಹೋದ ಸಲ ಒಬ್ಬಳು ಆರನೆಯ ತರಗತಿಯ ಹುಡುಗಿ, ನಾನು ಬಾಯಿ ತೆರೆಯುವ ಮೊದಲೇ, "ನಮ್ಮ ಅಜ್ಜಿನ ಕೇಳಿದೀನಿ ಮಿಸ್, ಅವರೇ ಎರಡು ಸಲ ಬಿಚ್ಚಿಸಿದ್ರು" ಎಂದಳು.