ರಾಜಾನನ್ನು ಎಬ್ಬಿಸಿದವಳು ನಾನು

ಸೋದರಿಯರೇ, ಚಿಕ್ಕಂದಿನಲ್ಲಿ ತಿಳಿಯದೆ ಮಾಡಿದ ತಪ್ಪೊಂದು ನಡುವಯಸ್ಸಿನಲ್ಲಿ ಬಂದು ಎದುರಿಗೆ ನಿಂತರೆ ನೀವೇನು ಮಾಡುತ್ತೀರಿ? ನನಗೆ ಹಾಗಾಯಿತು. ಅದೂ ಒಂದು ನಾಯಿಯ ದೆಸೆಯಿಂದ!

ನನ್ನ ತವರೂರು ಬೀದರಿನಿಂದ ಔರಾದಿಗೆ ಹೋಗುವ ದಾರಿಯಲ್ಲಿರುವ ಜನವಾಡ. 1989ರ ಸುಮಾರಿಗೆ ನಮ್ಮ ಓಣಿಯ ದೊಡ್ಡ ವಾಡೆಯವರು ಹೈದರಾಬಾದಿನಿಂದ ಗ್ರೇಟ್ ಡೇನ್ ಜಾತಿಯ ನಾಯಿಮರಿ ತಂದರು. ರಾಜಾ ಎಂದು ಹೆಸರಿಟ್ಟರು. ಎರಡೇ ವರ್ಷದಲ್ಲಿ ಅದರ ಬೆನ್ನು ನನ್ನ ಎದೆಮಟ್ಟಕ್ಕೆ ಬಂತು. ಬಸ್ಸಿಗೆ ಕಾಯುವವರು, ಬೀಗರ ಮನೆಗೆ ಬಂದವರು, ಎಲ್ಲರೂ ಅದನ್ನು ನೋಡಿಯೇ ಹೋಗುವರು. "ಇದು ನಾಯಿ ಅಲ್ಲೋ, ಕುದುರಿ ಮರಿ ಅದ!" ಎಂದು ಬಾಯಿಮೇಲೆ ಬೆರಳಿಡುವರು.

ಆದರೆ ರಾಜಾ ಹಗಲೆಲ್ಲ ಮಲಗಿಯೇ ಇರುತ್ತಿತ್ತು. ಮಲಗಿದ್ದನ್ನು ನೋಡಿದರೆ ಬಂದವರಿಗೆ ಸಮಾಧಾನವೆಲ್ಲಿ? "ಎಬ್ಬಸವ್ವಾ ತಂಗಿ, ನಿಂತದ್ದು ನೋಡ್ತೀವಿ" ಎನ್ನುವರು. ಅದಕ್ಕೆ ನನ್ನ ಮೇಲೆ ಬಲು ಪ್ರೀತಿ. ನಾನು ಕೊರಳಪಟ್ಟಿ ಹಿಡಿದು ಎಳೆದರೆ ಮುಂಗಾಲು ಊರಿ, ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಹಿಂಗಾಲು ಎತ್ತುತ್ತಿತ್ತು. ಒಮ್ಮೊಮ್ಮೆ ಕುಂಯ್ ಎನ್ನುತ್ತಿತ್ತು. "ದೊಡ್ಡಮನಿ ನಾಯಿ, ಮೈಗಳ್ಳ!" ಎಂದು ಜನ ನಗುವರು. ನನ್ನ ಕೈಗೊಂದು ಪೆಪ್ಪರಮಿಂಟು ಬೀಳುತ್ತಿತ್ತು.

ಆರು ವರ್ಷ ತುಂಬುವ ಮೊದಲೇ ರಾಜಾ ಸತ್ತಿತು. "ಮಂದಿ ದೃಷ್ಟಿ ತಾಗ್ತು" ಎಂದಳು ನಮ್ಮವ್ವ. ನಾನೂ ಅದನ್ನೇ ನಂಬಿದ್ದೆ.

ಮೊನ್ನೆ ನನ್ನ ಮಗ ಫೋನು ಹಿಡಿದು ಬಂದ. "ಅವ್ವಾ, ಇಂಥಾ ಮರಿ ಒಂದು ತರೋಣು" ಎಂದ. ಅದರಲ್ಲಿದ್ದದ್ದು ಅಮೆರಿಕದ ಮಿಶಿಗನ್ ರಾಜ್ಯದ ಒಟ್ಸೀಗೊ ಎಂಬ ಸಣ್ಣ ಊರಿನ ಜೀಯಸ್. ಅದೂ ಗ್ರೇಟ್ ಡೇನ್. ನೆಲದಿಂದ ಹೆಗಲಿಗೆ 111.8 ಸೆಂಟಿಮೀಟರು! ಲೋಕದಲ್ಲೇ ಅತಿ ಎತ್ತರದ ನಾಯಿ ಎಂದು ಗಿನ್ನೆಸ್ ಪುಸ್ತಕ ಸೇರಿತ್ತು. ಹಿಂಗಾಲಮೇಲೆ ನಿಂತರೆ ಏಳಡಿಗೂ ಮಿಗಿಲು. ತೂಕ 70 ಕಿಲೋ. ಅಡಿಗೆಮನೆಯ ನಲ್ಲಿಗೇ ಬಾಯಿಟ್ಟು ನೀರು ಕುಡಿಯುತ್ತಿತ್ತಂತೆ. ಇದು ನಾಯಿಯೋ ಕುದುರೆಯೋ ಎಂದು ಅಲ್ಲಿಯ ಜನರೂ ಕೇಳುತ್ತಿದ್ದರಂತೆ. ನೋಡಿದಿರಾ, ಊರು ಯಾವುದಾದರೇನು, ಜನರ ಬಾಯಲ್ಲಿ ಬರುವ ಮಾತು ಒಂದೇ!

ಆದರೆ ಮುಂದೆ ಓದಿದಾಗ ನನ್ನ ಕೈ ತಣ್ಣಗಾಯಿತು. ಜೀಯಸ್ 2014ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿತ್ತು. ಆರು ವರ್ಷ ತುಂಬಲು ಇನ್ನೂ ಎರಡು ತಿಂಗಳಿತ್ತು. ಕಾರಣ ಮುಪ್ಪು! ಅದಕ್ಕೂ ಮೊದಲು ಈ ದಾಖಲೆ ಹೊಂದಿದ್ದ ಅರಿಜೋನಾದ ಜೈಂಟ್ ಜಾರ್ಜ್ ಸಹ ಎಂಟು ವರ್ಷ ತುಂಬುವ ಮೊದಲೇ, 2013ರಲ್ಲಿ ಹೋಗಿತ್ತು.

ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವ ಅಣ್ಣನ ಮಗಳನ್ನು ಕೇಳಿದೆ. "ದೃಷ್ಟಿ ಅಲ್ಲ ಅತ್ತಿ," ಎಂದಳು. "ಹುಟ್ಟಿದಾಗ ಅರ್ಧ ಕಿಲೋ ಆಸುಪಾಸು ಇರೋ ಮರಿ ಒಂದೇ ವರ್ಷದಾಗ 50 ಕಿಲೋ ತನಕ ಬೆಳೀತದ. ಆ ಭಾರ ಎಲುಬು, ಕೀಲು, ಗುಂಡಿಗಿ ಎಲ್ಲಾ ಹೊರಬೇಕಲ್ಲ? ಸಣ್ಣ ಜಾತಿ ನಾಯಿ ಹದಿನೈದು ವರ್ಷ ಬಾಳಿದ್ರ, ಇವು ಬಾಳೋದು ಏಳೆಂಟು ವರ್ಷ. ಟೊಂಕದ ಕೀಲು ಸವೆದ್ರ ಏಳಾಕ ಜೀವ ಹೋದಂಗ ಆಗ್ತದ."

ಅಂದರೆ ರಾಜಾ ಮೈಗಳ್ಳನಾಗಿರಲಿಲ್ಲ. ಅದಕ್ಕೆ ಕಾಲು ನೋಯುತ್ತಿದ್ದಿರಬೇಕು. ಒಂದು ಪೆಪ್ಪರಮಿಂಟಿಗಾಗಿ ನಾನು ದಿನಕ್ಕೆ ಎಷ್ಟು ಸಲ ಎಬ್ಬಿಸಿದೆನೋ! ಆದರೂ ನನ್ನನ್ನು ಕಂಡರೆ ಬಾಲ ಅಲ್ಲಾಡಿಸುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಗನಿಗೆ ಎಲ್ಲ ಹೇಳಿದೆ. ನಮ್ಮ ಎರಡು ಕೋಣೆಯ ಮನೆ, ಬೀದರಿನ ಬೇಸಿಗೆ, ಹದಿನೈದು ದಿನಕ್ಕೆ ಹದಿಮೂರು ಕಿಲೋ ಆಹಾರ. ಹೊಟ್ಟೆ ತುಂಬಾ ಒಮ್ಮೆಗೇ ಉಣಿಸುವಂತಿಲ್ಲ, ಉಂಡ ಕೂಡಲೇ ಓಡಿಸುವಂತಿಲ್ಲ. ಹೊಟ್ಟೆ ತಿರುಚಿಕೊಂಡರೆ ಕೆಲವೇ ತಾಸಿನಲ್ಲಿ ಜೀವ ಹೋಗುತ್ತದೆ. "ಮಂದಿ ನೋಡ್ಲಿ ಅಂತ ಒಂದು ಜೀವ ತರೋದು ಬ್ಯಾಡಪ್ಪಾ" ಎಂದೆ. ಅವನ ಮುನಿಸು ಇನ್ನೂ ಇಳಿದಿಲ್ಲ. ಇರಲಿ.

ಜೀಯಸ್‌ನನ್ನು ಅದರ ಮನೆಯವರು ಶಾಲೆ, ಆಸ್ಪತ್ರೆಗಳಿಗೆ ಕರೆದೊಯ್ದು ಮಕ್ಕಳ, ರೋಗಿಗಳ ಹತ್ತಿರ ಬಿಡುತ್ತಿದ್ದರಂತೆ. ಅದನ್ನು ಓದಿ ಸ್ವಲ್ಪ ಸಮಾಧಾನವಾಯಿತು. ನೀವೂ ಎಲ್ಲಾದರೂ ದೊಡ್ಡ ನಾಯಿ ಮಲಗಿರುವುದನ್ನು ಕಂಡರೆ, ಮಕ್ಕಳು ಎಷ್ಟೇ ಹಟ ಮಾಡಲಿ, ಎಬ್ಬಿಸಬೇಡಿ. ಮಲಗಿದ್ದನ್ನೇ ನೋಡಿ ಬನ್ನಿ.